ಕುರ್ಚಿಯ ಸಂದಿಯಲ್ಲಿ ಕಂಡ ಚಿತ್ರ



ಕೂಕಟ್‌ಪಲ್ಲಿ ಅಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಹೌಸಿಂಗ್ ಬೋರ್ಡ್ ಕಾಲನಿಯ ಹಾಸ್ಟೆಲ್ಲುಗಳು, ಕೋಚಿಂಗ್ ಸೆಂಟರುಗಳು, ಜೆಎನ್‌ಟಿಯು ಗೇಟು. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಕನ್ನಡದ ಮನೆಗಳಲ್ಲಿ ಇಂಟರ್ ಮುಗಿಸಿದ ಮಗುವಿಗೆ ದೊಡ್ಡವರು ತೋರಿಸುವ ದಾರಿ ಸಾಮಾನ್ಯವಾಗಿ ಒಂದೇ, ಅದು ಎಂಜಿನಿಯರಿಂಗ್. ಇವತ್ತಿನ ನನ್ನ ಮಾತು ಆ ದಾರಿಯ ಪಕ್ಕದಲ್ಲಿದ್ದ ಇನ್ನೊಂದು ದಾರಿ ಹಿಡಿದ ಹುಡುಗಿಯ ಬಗ್ಗೆ.

ಅವಳು ನಮ್ಮ ಕೇಳುಗರ ಮನೆಯ ಮಗಳು. ಹೆಸರು ಬೇಡ ಅಂದಿದ್ದಾಳೆ, ಹಾಗಾಗಿ ಹುಡುಗಿ ಅಂತಲೇ ಕರೆಯೋಣ. ತಂದೆ ಬೀದರ್ ಜಿಲ್ಲೆಯವರು, ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ತಗಡಿನ ಕೆಲಸ. ಮನೆಯಲ್ಲಿ ತಾಯಿ, ಅಜ್ಜಿ. ನಾವಿನ್ನೂ ಎಂಸೆಟ್ ಅಂತಲೇ ಕರೆಯುವ ಪ್ರವೇಶ ಪರೀಕ್ಷೆಯಲ್ಲಿ ಹುಡುಗಿಗೆ ತಕ್ಕಮಟ್ಟಿನ ರ‍್ಯಾಂಕ್ ಬಂದಿತ್ತು. ಆದರೂ ಹಟ ಹಿಡಿದು ನಗರದ ಒಂದು ಕಾಲೇಜಿನಲ್ಲಿ ಕಲೆ ಮತ್ತು ವಿನ್ಯಾಸದ ಕೋರ್ಸಿಗೆ ಸೇರಿದಳು. ತಂದೆ ಫೀಸು ಕಟ್ಟಿದರು, ಜೊತೆಗೆ ಒಂದು ಮಾತೂ ಹೇಳಿದರು. "ಸಂಕ್ರಾಂತಿ ತನಕ ನೋಡ್ತೀನವ್ವ. ಅಲ್ಲೀತನಕ ನನಗ ಏನರೆ ತಿಳೀಲಿಲ್ಲಂದ್ರ, ಮುಂದಿನ ವರ್ಷ ಎಂಜಿನಿಯರಿಂಗ್."

ಆ ಆರು ತಿಂಗಳಲ್ಲಿ ಅವಳು ತುಂಬಿಸಿದ ಸ್ಕೆಚ್ ಪುಸ್ತಕಗಳನ್ನು ನನಗೆ ತೋರಿಸಿದಳು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಕಾಲೇಜಿಗೆ ಹೋದ ಮೊದಲ ದಿನ ಬಣ್ಣದ ಡಬ್ಬಿ ತೆಗೆಯಬಹುದು ಅಂದುಕೊಂಡಿದ್ದಳಂತೆ. ಮೇಷ್ಟ್ರು ಕೊಟ್ಟ ಕೆಲಸ ಬರೀ ಗೆರೆ. ಒಂದು ದೊಡ್ಡ ಹಾಳೆ, ಅದರಲ್ಲಿ ನೂರು ಗೆರೆ, ಒಂದರ ಹಾಗೆ ಇನ್ನೊಂದು ಇರಕೂಡದು. ಪೆನ್ಸಿಲು, ಇದ್ದಿಲು, ಮಸಿಯಲ್ಲಿ ಅದ್ದಿದ ಪೊರಕೆ ಕಡ್ಡಿ, ಯಾವುದರಲ್ಲಾದರೂ ಎಳೆಯಬಹುದು. ಮೂವತ್ತು ಗೆರೆಗೆ ಅವಳ ಬಂಡವಾಳ ಮುಗಿಯಿತು. ನೆಟ್ಟಗಿನದು, ಡೊಂಕಿನದು, ಅಲೆಯದು, ಹಲ್ಲುಹಲ್ಲಿನದು ಎಲ್ಲ ಆಯಿತು, ಇನ್ನೇನು? ಆಗ ಸುತ್ತ ನೋಡತೊಡಗಿದಳು. ಮುಂಬೈ ರಸ್ತೆಯ ಮೇಲೆ ಜೋತುಬಿದ್ದ ಕೇಬಲ್ಲು, ಗೋಡೆಯ ಬಿರುಕು, ಅಜ್ಜಿಯ ಹಣೆಯ ಸುಕ್ಕು, ಮುರಿದ ಜೋಳದ ರೊಟ್ಟಿಯ ಅಂಚು. ಗೆರೆಗೆ ದಪ್ಪ ಇದೆ, ವೇಗ ಇದೆ, ತೂಕ ಇದೆ ಅನ್ನುವುದು ಆಗ ತಿಳಿಯಿತು ಅನ್ನುತ್ತಾಳೆ.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ನಮ್ಮ ಕೆ.ಕೆ. ಹೆಬ್ಬಾರರು ಗೆರೆಗೆ ಹೆಸರಾದವರು. ಲಯ ಅಂದರೇನು ಅಂತ ಮೈಯಲ್ಲೇ ತಿಳಿಯಬೇಕೆಂದು ಅವರು ಕಥಕ್ ನೃತ್ಯ ಕಲಿತಿದ್ದರು. ಅಷ್ಟು ದೊಡ್ಡ ಕಲಾವಿದರೇ ಗೆರೆಗೋಸ್ಕರ ಕಾಲಿಗೆ ಗೆಜ್ಜೆ ಕಟ್ಟಿದ್ದರೆಂದ ಮೇಲೆ, ಹದಿನೆಂಟರ ಹುಡುಗಿ ಒಂದು ವಾರ ಗೆರೆ ಎಳೆದದ್ದು ಹೆಚ್ಚೇನಲ್ಲ.

ಇಲ್ಲಿ ಕನ್ನಡ ಬಿ.ಎ. ಓದಿದವನ ಒಂದು ಮಾತು. ನಾವು ಕತೆ ಬರೆಯುತ್ತೇವೆ, ಕಾಗದ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. 'ಬರೆ' ಅಂದರೆ ಗೆರೆ ಅಂತಲೂ ಅರ್ಥ ಉಂಟು. ಅಕ್ಷರ, ಚಿತ್ರ ಎರಡಕ್ಕೂ ತಾಯಿ ಒಬ್ಬಳೇ ಅಂತ ನಮ್ಮ ಭಾಷೆ ಎಂದೋ ಗುರುತಿಸಿಕೊಂಡಿದೆ. ಈ ಊರಿನ ತೆಲುಗಿನಲ್ಲಿ ಚಿತ್ರಕ್ಕೆ 'ಬೊಮ್ಮ' ಅನ್ನುತ್ತಾರೆ. ಮೇಷ್ಟ್ರು ಬೊಮ್ಮ ತನ್ನಿ ಅಂದಾಗ ನಮ್ಮ ಹುಡುಗಿ ಚನ್ನಪಟ್ಟಣದ ಬೊಂಬೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಳು. ತರಗತಿಯೆಲ್ಲ ನಕ್ಕಿತು. ಆದರೆ ಅಂದು ಎಲ್ಲರೂ ಸ್ಕೆಚ್ ಮಾಡಿದ್ದು ಅದೇ ಬೊಂಬೆಯನ್ನು.

ಎರಡನೆಯ ಅಭ್ಯಾಸ ವಿಚಿತ್ರವಾದದ್ದು. ಎಡಗೈಯನ್ನು ನೋಡುತ್ತಾ ಬಲಗೈಯಿಂದ ಅದರ ಚಿತ್ರ ಬರೆಯಬೇಕು, ಹಾಳೆಯನ್ನು ಮಾತ್ರ ನೋಡುವಂತಿಲ್ಲ. ಬಂದ ಚಿತ್ರಗಳು ಶುಂಠಿ ಬೇರಿನ ಹಾಗಿವೆ. ಹೀಗೇಕೆ ಮಾಡಿಸುತ್ತಾರೆ? ಶಾಲೆಯಲ್ಲಿ ನಾವೆಲ್ಲರೂ ಬರೆದ ಚಿತ್ರ ನೆನಪು ಮಾಡಿಕೊಳ್ಳಿ. ಎರಡು ಗುಡ್ಡ, ನಡುವೆ ಸೂರ್ಯ, ಇಳಿದು ಬರುವ ನದಿ, ಪಕ್ಕದಲ್ಲಿ ಗುಡಿಸಲು, ಒಂದು ತೆಂಗಿನಮರ. ಬಯಲುಸೀಮೆಯ ಮಗುವೂ ಅದನ್ನೇ ಬರೆಯುತ್ತದೆ, ಗುಡ್ಡವನ್ನೇ ಕಾಣದ ಮಗುವೂ ಅದನ್ನೇ ಬರೆಯುತ್ತದೆ. ಅದು ಕಣ್ಣು ಕಂಡ ಚಿತ್ರ ಅಲ್ಲ, ತಲೆಯಲ್ಲಿ ಅಚ್ಚಾದ ಚಿತ್ರ. ಹಾಳೆಯಿಂದ ಕಣ್ಣು ತೆಗೆಸಿದರೆ ಆ ಅಚ್ಚು ಸಡಿಲವಾಗುತ್ತದೆ, ಬೆರಳಿನ ಗಿಣ್ಣು ನಿಜಕ್ಕೂ ಎಲ್ಲಿ ಬಾಗುತ್ತದೆ ಅನ್ನುವುದು ಮೊದಲ ಸಲ ಕಾಣುತ್ತದೆ.

ಮೂರನೆಯದು ಕುರ್ಚಿ. ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ಎದುರಿಗಿಟ್ಟುಕೊಂಡು ಅದನ್ನು ಬರೆಯದೆ, ಕಾಲುಗಳ ನಡುವಿನ ಜಾಗ, ಬೆನ್ನಿನ ಪಟ್ಟಿಗಳ ನಡುವಿನ ಜಾಗ, ಇವನ್ನಷ್ಟೇ ಕಪ್ಪು ಮಾಡಬೇಕು. ಅಜ್ಜಿಗೆ ತಡೆಯಲಾಗಲಿಲ್ಲ. "ಏನವ್ವಾ ಇದು, ಕುರ್ಚಿ ಬಿಟ್ಟು ಕುರ್ಚಿ ಸಂದಿ ಬರೀಲಕತ್ತೀದಿ?" ಅಂದರು. ಆದರೆ ಸಂದಿಗಳೆಲ್ಲ ಕಪ್ಪಾದ ಮೇಲೆ ಹಾಳೆಯ ಬಿಳಿಯಲ್ಲಿ ಕುರ್ಚಿ ತಾನಾಗಿಯೇ ಎದ್ದು ನಿಂತಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, "ನಮ್ಮ ಬಿದ್ರಿ ಕೆಲಸ ಇದ್ದಂಗ ಅದಲ್ಲ" ಅಂದರು.

ಅಜ್ಜಿಯ ಮಾತು ಅಕ್ಷರಶಃ ನಿಜ. ಕೂಕಟ್‌ಪಲ್ಲಿಯ ಎದುರಿಗೇ ಹಾದುಹೋಗುವ ಹೆದ್ದಾರಿಯಲ್ಲಿ ಜಹೀರಾಬಾದಿನವರೆಗೆ ಹೋಗಿ ತಿರುಗಿಕೊಂಡರೆ ಬೀದರ್. ಬಹಮನಿ ಅರಸರ ಕಾಲದಿಂದ ಬಂದ ಬಿದ್ರಿ ಕಲೆಯ ಊರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿ, ಮೊನೆಯಿಂದ ಚಿತ್ರ ಗೀರುತ್ತಾರೆ. ಆ ಗೀರನ್ನು ಉಳಿಯಿಂದ ಕೊರೆದು ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಪಾತ್ರೆಯ ಮೈ ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಬೆಳ್ಳಿಯ ಹೂವು ನಮಗೆ ಕಾಣುವುದು ಸುತ್ತಲಿನ ಕಪ್ಪಿನಿಂದ. ಎಷ್ಟು ಬಿಡಬೇಕು ಅನ್ನುವ ಲೆಕ್ಕ ತಪ್ಪಿದರೆ ಹೂವೂ ಕೆಡುತ್ತದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಇದೇ ಕೆಲಸಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಹುಡುಗಿಯ ಮನೆಯ ಷೋಕೇಸಿನಲ್ಲಿ ಒಂದು ಬಿದ್ರಿ ಹೂದಾನಿ ವರ್ಷಾನುಗಟ್ಟಲೆ ಕೂತಿತ್ತು. ಅವಳು ಅದನ್ನು ಕೈಗೆತ್ತಿಕೊಂಡು ನೋಡಿದ್ದು ಕುರ್ಚಿಯ ಸಂದಿ ಬರೆದ ಮೇಲೆ.

ಆಮೇಲೆ ಅಜ್ಜಿಯೂ ತರಗತಿಗೆ ಸೇರಿದ ಹಾಗೆಯೇ ಆಯಿತು. ಚುಕ್ಕಿಗಳಿಂದ ಆಕಾರ ಕಟ್ಟಿ ಅಂತ ಕಾಲೇಜಿನಲ್ಲಿ ಹೇಳಿದಾಗ ಹುಡುಗಿ ಅಜ್ಜಿಯ ಮುಂದೆ ಕೂತಳು. ನೇರ ಚುಕ್ಕಿ ಬೇರೆ, ಸಂದು ಚುಕ್ಕಿ ಬೇರೆ. ಹದಿನೈದರಿಂದ ಎಂಟಕ್ಕೆ ಇಳಿಸುವ ಸಂದು ಚುಕ್ಕಿ ಇಟ್ಟರೆ ಆರು ಮೂಲೆಯ ಆಕಾರ ಬರುತ್ತದೆ. ಹುಡುಗಿ ಎಣಿಸಿದಳು, ಒಟ್ಟು 169 ಚುಕ್ಕಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಜ್ಜಿ ಲೆಕ್ಕ ಮಾಡಿಯೇ ಇರಲಿಲ್ಲ, ಅವರ ಬೆರಳಿಗೆ ಗೊತ್ತಿತ್ತು. ಹಾಳೆಯ ಮೇಲೆ ಗುರುತು ಹಾಕಿಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಹೂ ಎತ್ತುವ ಧಾರವಾಡದ ಕಸೂತಿಯೂ ಇದೇ ಜಾತಿಯ ವಿದ್ಯೆ.

ಬಣ್ಣದ ಸರದಿ ಬಂದಾಗ ತಾಯಿ ಗುರುವಾದರು. ಒಂದೇ ಬೂದು ಕಾಗದವನ್ನು ಎರಡು ತುಂಡು ಮಾಡಿ, ಒಂದನ್ನು ಹಳದಿಯ ಮೇಲೆ, ಇನ್ನೊಂದನ್ನು ಕಡುನೀಲಿಯ ಮೇಲೆ ಅಂಟಿಸಬೇಕಿತ್ತು. ಅಂಟಿಸಿ ನೋಡಿದರೆ ಎರಡೂ ಬೇರೆ ಬೇರೆ ಬೂದು! ಯೋಸೆಫ್ ಆಲ್ಬರ್ಸ್ ಎಂಬ ಕಲಾವಿದ ಬಣ್ಣಗಳ ಈ ಆಟವನ್ನೇ ವಿಷಯ ಮಾಡಿಕೊಂಡು 1963ರಲ್ಲಿ ಒಂದು ದೊಡ್ಡ ಪುಸ್ತಕ ಹೊರತಂದರು. ತಾಯಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮ್ಯಾಚಿಂಗ್ ಸೆಂಟರಿಗೆ ಹೋದಾಗ ಸೀರಿ ಸೆರಗಿನ ಮ್ಯಾಲೆ ಇಟ್ಟು ನೋಡದೆ ಬ್ಲೌಸ್ ಪೀಸ್ ತಗೋತೇವೇನು? ಅಂಗಡಿ ಲೈಟಿನ್ಯಾಗ ಒಂದು ಬಣ್ಣ, ಬಿಸಲಿಗೆ ತಂದ್ರ ಒಂದು ಬಣ್ಣ" ಅಂದರು. ಇದನ್ನು ಹುಡುಗಿ ಹಾಗೇ ಕನ್ನಡದಲ್ಲಿ ಸ್ಕೆಚ್ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದಾಳೆ.

ಈ ಅಭ್ಯಾಸಗಳು ಎಲ್ಲಿಂದ ಬಂದವು ಅನ್ನುವುದನ್ನು ಸ್ವಲ್ಪ ಹೇಳಬೇಕು. 1919ರಲ್ಲಿ ಜರ್ಮನಿಯ ವೈಮಾರ್ ಊರಿನಲ್ಲಿ ಬೌಹೌಸ್ ಎಂಬ ಶಾಲೆ ಶುರುವಾಯಿತು. ಬಡಗಿ, ನೇಕಾರ, ಚಿತ್ರಕಾರ, ಯಾರಾಗಬೇಕೆಂದು ಬಂದವರಿಗೂ ಮೊದಲು ಒಂದು ಸಾಮಾನ್ಯ ತರಗತಿ ಕಡ್ಡಾಯ. ಯೋಹಾನೆಸ್ ಇಟ್ಟೆನ್ ಅದನ್ನು ಆರಂಭಿಸಿದರು, ಆಮೇಲೆ ಆಲ್ಬರ್ಸ್ ಕೂಡ ಕಲಿಸಿದರು. 1922ರ ಕೊನೆಯಲ್ಲಿ ಆ ಶಾಲೆಯವರ ಚಿತ್ರಗಳು ಕಲ್ಕತ್ತೆಗೆ ಬಂದು ಪ್ರದರ್ಶನ ಕಂಡಿದ್ದವು. 1933ರಲ್ಲಿ ನಾಜಿಗಳ ಒತ್ತಡದಲ್ಲಿ ಶಾಲೆ ಮುಚ್ಚಿತು, ಆದರೆ ಆ ಮೊದಲ ತರಗತಿ ಜಗತ್ತಿಗೆಲ್ಲ ಹರಡಿತು.

ನಮ್ಮ ದೇಶದಲ್ಲಿ 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅಮೆರಿಕದ ಈ ದಂಪತಿ ಅತ್ಯಂತ ಮೆಚ್ಚಿ ಬರೆದ ವಸ್ತು ಯಾವುದು ಗೊತ್ತೇ? ನಮ್ಮ ಅಡುಗೆಮನೆಯ ತಂಬಿಗೆ. ಅದು ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದಾಗ ನೀರು ಹೇಗೆ ಬೀಳಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಹೀಗೆ ಒಂದೊಂದನ್ನೂ ವಿಚಾರಿಸಿದರು. ಯಾರೋ ಒಬ್ಬರು ಮಾಡಿದ ವಿನ್ಯಾಸ ಅಲ್ಲ ಅದು, ತಲೆಮಾರುಗಳ ಕೈ ತಿದ್ದಿದ ವಿನ್ಯಾಸ.

ಈಗ ತಂದೆಯ ಕತೆಗೆ ಬರೋಣ. ಡಿಸೆಂಬರ್ ಹೊತ್ತಿಗೆ ಹುಡುಗಿಗೆ ಕೊಟ್ಟ ಕೆಲಸ ಇದು: ಒಂದೇ ಒಂದು ಎ-4 ಹಾಳೆ, ಅಂಟಿಲ್ಲ, ಪಿನ್ನಿಲ್ಲ, ಅದು ಪುಸ್ತಕಗಳ ತೂಕ ಹೊರಬೇಕು. ಆಲ್ಬರ್ಸ್ ಕೂಡ ಬೌಹೌಸಿನ ಮಕ್ಕಳ ಕೈಗೆ ಕಾಗದ ಕೊಟ್ಟು, ಏನನ್ನೂ ಪೋಲು ಮಾಡದೆ ಏನಾದರೂ ಮಾಡಿ ಅನ್ನುತ್ತಿದ್ದರು. ರಾತ್ರಿ ಹತ್ತರವರೆಗೆ ಹುಡುಗಿಯ ಹಾಳೆಗಳು ಒಂದಾದ ಮೇಲೊಂದು ಕುಸಿದವು. ಕೆಲಸದಿಂದ ಬಂದು ಊಟ ಮಾಡುತ್ತಿದ್ದ ತಂದೆ ಕೈ ತೊಳೆದು ಬಂದರು. "ತೆಳು ತಗಡಿಗೆ ಬಲ ಬರೋದು ಮಡಿಕಿಯಿಂದ. ಅದಕ್ಕೇ ಅಲ್ಲೇನು ಛಾವಣಿ ಶೀಟಿಗೆ ಅಲೆ ಇರೋದು?" ಅಂದರು. ಹಾಳೆಯನ್ನು ಹಿಂದೆ ಮುಂದೆ ಬೀಸಣಿಗೆಯ ಹಾಗೆ ಮಡಿಸಿ, ಮಡಿಕೆಗಳು ನೆಟ್ಟಗೆ ನಿಲ್ಲುವ ಹಾಗೆ ಸುತ್ತಿಸಿದರು. ಅದರ ಮೇಲೆ ಅವಳ ಇಂಟರ್ ಭೌತಶಾಸ್ತ್ರದ ಪುಸ್ತಕ ಇಟ್ಟರು, ನಿಂತಿತು. ಗಣಿತ ಇಟ್ಟರು, ನಿಂತಿತು. ರಸಾಯನಶಾಸ್ತ್ರ ಇಟ್ಟಾಗ ಸ್ವಲ್ಪ ವಾಲಿತು. ಆಮೇಲೆ ಮಡಿಕೆಯ ಅಗಲ ಎಷ್ಟಿರಬೇಕು ಅಂತ ತಂದೆ ಮಗಳು ಇಬ್ಬರೂ ಹನ್ನೆರಡು ಗಂಟೆಯವರೆಗೆ ವಾದ ಮಾಡಿದರಂತೆ.

ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ಹಂಚಿದ್ದಾಯಿತು. ತಂದೆ ಕಾಲೇಜು ಬಿಡಿಸುವ ಮಾತು ಎತ್ತಲಿಲ್ಲ. ನಾನೇ ಕೇಳಿದೆ. ಅವರ ಉತ್ತರ ಇದು: "ನೌಕರಿ ಏನು ಸಿಗತದೋ ನನಗ ಇನ್ನೂ ಗೊತ್ತಿಲ್ರಿ. ಆದ್ರ ಈಕಿ ಕಲಿಯೋದು ಪೊಳ್ಳಲ್ಲ, ಅಷ್ಟು ಗೊತ್ತಾತು. ವರ್ಷ ಮುಗಿಸ್ಲಿ."

ಅವರ ಅನುಮಾನ ನ್ಯಾಯವಾದದ್ದೇ. ಪ್ಯಾಕೇಜಿಂಗ್, ಜವಳಿ, ಅನಿಮೇಷನ್, ಮೊಬೈಲ್ ತೆರೆಯ ವಿನ್ಯಾಸ, ಹೀಗೆ ದಾರಿಗಳು ಹಲವು ಇವೆ. ಆದರೆ ಎಲ್ಲರಿಗೂ ಕೆಲಸ ಖಾತ್ರಿ ಅಂತ ರೇಡಿಯೋದಲ್ಲಿ ಕೂತು ನಾನು ಹೇಳಲಾರೆ. ಎಂಜಿನಿಯರಿಂಗಿಗೂ ಆ ಖಾತ್ರಿ ಯಾರೂ ಕೊಡಲಾರರು. ಎರಡು ವಿದ್ಯೆಗಳ ನಡುವೆ ನಾವು ಕಟ್ಟಿಕೊಂಡ ಗೋಡೆ ಮಾತ್ರ ಅಷ್ಟು ಎತ್ತರದ್ದಲ್ಲ. 1972ರಲ್ಲಿ ಜೆಎನ್‌ಟಿಯು ಆರಂಭವಾದಾಗ ಎಂಜಿನಿಯರಿಂಗ್ ಕಾಲೇಜುಗಳ ಜೊತೆಗೆ ಈ ನಗರದ ಲಲಿತಕಲಾ ಕಾಲೇಜೂ ಅದರ ಮಡಿಲಿಗೆ ಸೇರಿತ್ತು. 2008ರಲ್ಲಿ ವಿಶ್ವವಿದ್ಯಾಲಯ ನಾಲ್ಕಾಗಿ ಒಡೆದಾಗ ಮಾಸಬ್ ಟ್ಯಾಂಕಿನ ಆ ಕಾಲೇಜು ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯಕ್ಕೆ ಸೇರಿತು. ಮೂವತ್ತಾರು ವರ್ಷ ಒಂದೇ ಸೂರಿನಡಿ ಇದ್ದ ವಿದ್ಯೆಗಳು ಇವು. ತೆಲಂಗಾಣದ ಹಳ್ಳಿಯ ಬದುಕನ್ನು ಬರೆದು ಹೆಸರಾದ ಲಕ್ಷ್ಮಾ ಗೌಡ್ ಮತ್ತು ತೋಟ ವೈಕುಂಠಂ ಹೈದರಾಬಾದಿನ ಸರ್ಕಾರಿ ಕಲಾಶಾಲೆಯಲ್ಲಿ ಓದಿ, ಮುಂದೆ ಬರೋಡಾಗೆ ಹೋಗಿ ಕೆ.ಜಿ. ಸುಬ್ರಹ್ಮಣ್ಯನ್ ಅವರ ಶಿಷ್ಯರಾದವರು. ಅಷ್ಟು ದೂರ ಕಲಿತು ಬಂದ ಮೇಲೂ ಅವರ ಚಿತ್ರಗಳಲ್ಲಿ ತುಂಬಿದ್ದು ಹುಟ್ಟಿದ ಊರಿನ ಹೆಂಗಸರು, ಗಂಡಸರು, ಆಡುಗಳು.

ನಿಮ್ಮ ಮನೆಯಲ್ಲೂ ಇಂಥ ಮಗು ಇರಬಹುದು, ಮೊದಲ ವರ್ಷ ಬರೀ ಗೆರೆ, ಚುಕ್ಕಿ, ಕಾಗದದ ಚೂರು ಹರಡಿಕೊಂಡು ಕೂತಿರಬಹುದು. ಇದಕ್ಕೆ ಇಷ್ಟು ಫೀಸೇ ಅಂತ ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಕೇಳುವ ಮುನ್ನ ಒಂದು ಸಂಜೆ ಪಕ್ಕದಲ್ಲಿ ಕೂತು, ಇವತ್ತು ಏನು ಮಾಡಿಸಿದರು, ಹೇಗೆ ಮಾಡಿದೆ ಅಂತ ವಿಚಾರಿಸಿ. ನಿಮ್ಮ ಕೈಗೆ ಗೊತ್ತಿರುವ ಕೆಲಸ ಯಾವುದೇ ಇರಲಿ, ರಂಗೋಲಿ, ಹೊಲಿಗೆ, ಬಡಗಿ ಕೆಲಸ, ತಗಡಿನ ಕೆಲಸ, ಅದನ್ನು ಮಗುವಿಗೆ ತೋರಿಸಿ. ಕನ್ನಡದಲ್ಲೇ ತೋರಿಸಿ. ಅದರ ಹೆಸರುಗಳು, ಅಳತೆಗಳು, ಲೆಕ್ಕಗಳು ಯಾವ ಕಾಲೇಜಿನ ಗ್ರಂಥಾಲಯದಲ್ಲೂ ಸುಲಭವಾಗಿ ಸಿಗುವಂಥವಲ್ಲ.