ಮುಪ್ಪಿನ ತಾಯಿತಂದೆಗಳಿಗೆ ಮನೆಯ ಸಿದ್ಧತೆ

ಮನೆವಾರ್ತೆಯ ಒಂದು ಮಾತನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು. ಹಳ್ಳಿಯ ಮನೆಗೆ ಬೀಗವಿಕ್ಕಿ ವೃದ್ಧ ತಾಯಿತಂದೆಗಳನ್ನು ಪಟ್ಟಣಕ್ಕೆ ಕರೆತರುವ ಮಕ್ಕಳು ಈಗ ಅನೇಕರಿರುವರು. 2007ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೆ ಹಿರಿಯರು ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ಆದರೆ ಬಚ್ಚಲಿನ ಜಾರಿಕೆಯನ್ನು ಯಾವ ಕಾಯಿದೆಯೂ ಒರೆಸಲಾರದಷ್ಟೆ! ಮುಪ್ಪಿನಲ್ಲಿ ಎಲುಬು ಟೊಳ್ಳಾಗುವುದು. ಒಮ್ಮೆ ಜಾರಿಬಿದ್ದು ತೊಡೆಯೆಲುಬು ಮುರಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು. ಆದಕಾರಣ ಅವರು ಬರುವ ಮುನ್ನವೇ ಬಚ್ಚಲಿನ ನುಣುಪು ಕಲ್ಲನ್ನು ತೆಗೆಸಿ ಒರಟು ಕಲ್ಲನ್ನು ಹಾಕಿಸತಕ್ಕದ್ದು. ಗೋಡೆಗೆ ಹಿಡಿಕೆಯನ್ನು ಭದ್ರವಾಗಿ ಕೂಡಿಸತಕ್ಕದ್ದು. ಬಟ್ಟೆ ಹಾಕುವ ಸರಳು ಮೈಭಾರವನ್ನು ತಾಳದು. ಹಾಸಿಗೆಯಿಂದ ಬಚ್ಚಲಿನವರೆಗೆ ಇರುಳೆಲ್ಲ ಕಿರುದೀಪವಿರಲಿ. ಮಹಡಿಯ ಕೋಣೆಯು ಎಷ್ಟೇ ಗಾಳಿಬೆಳಕಿನದಾದರೂ ಅವರಿಗಲ್ಲ. ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡುವ ರೂಢಿಯವರಿಗೆ ಮೊಣಕಾಲು ಮಣಿಯದಿದ್ದಲ್ಲಿ ಎತ್ತರದ ಪೀಠವೂ, ವಿಭೂತಿ ಪತ್ರೆಗಳು ಕೈಗೆಟಕುವಂತೆ ಒಂದು ಮೇಜೂ ಬೇಕು.

ಆದರೆ ಅವರನ್ನು ಕೇಳದೆ ಇದಾವುದನ್ನೂ ಮಾಡಬೇಡಿರಿ. ಐವತ್ತು ವರ್ಷ ಮನೆಯೊಡತಿಯಾಗಿದ್ದ ತಾಯಿಯು ಮಗನ ಮನೆಯಲ್ಲಿ ಬೀಗಿತಿಯಂತೆ ಸುಮ್ಮನೆ ಕುಳಿತಿರಬೇಕಾದರೆ ಹೊಸ ಮಂಚವೂ ಆಕೆಗೆ ಮುಳ್ಳಾಗುವುದು. ಆಕೆಯ ಹಳೆಯ ಟ್ರಂಕಿಗೆ ಸ್ಥಳವಿಲ್ಲವೆನ್ನದಿರಿ. ಕಪಾಟಿನ ಒಂದು ಬೀಗದಕೈಯು ಆಕೆಯ ಸೆರಗಿನಲ್ಲಿಯೇ ಇರಲಿ. ತಂದೆಯು ಬೀದಿ ಕಾಣುವ ಕಿಟಕಿಯ ಬಳಿ ಕುರ್ಚಿಯನ್ನು ಬಯಸಿದರೆ, ಅಲ್ಲಿರುವ ದೂರದರ್ಶನದ ಪೆಟ್ಟಿಗೆಯನ್ನೇ ಅತ್ತ ಸರಿಸಿರಿ.