ಕೈ ಎತ್ತಿ ಕೇಳಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತುಗಳು)



ನಿರೂಪಣೆ ಮಾಡಿದವರು ನನ್ನನ್ನು ‘ಶಾಲೆಯ ಹೆಮ್ಮೆಯ ಡಾಕ್ಟರ್’ ಎಂದರು. ಮಕ್ಕಳ ಮುಂದೆ ಇನ್ನೊಂದು ಮಾತನ್ನೂ ಹೇಳಬೇಕು. ನಾನು ಎಂಬಿಬಿಎಸ್ ಮೊದಲ ವರ್ಷದಲ್ಲಿ ಫೇಲಾಗಿದ್ದೆ.

ಅಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಅಮ್ಮನಿಗೆ ಅದೂ ಇಲ್ಲ. 2005ರಲ್ಲಿ ನಾನು ಸಿಇಟಿ ಬರೆದಾಗ, 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಮೀಸಲು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಿಇಒ ಕಚೇರಿಗೆ ಹೋಗಿ ವ್ಯಾಸಂಗ ಪ್ರಮಾಣಪತ್ರಕ್ಕೆ ಮೇಲುಸಹಿ ಹಾಕಿಸಿದರು. ಆ ಹಾಳೆಯ ಬಲದಿಂದ ನನಗೆ ಗ್ರಾಮೀಣ ಕೋಟಾದಲ್ಲಿ ಸೀಟು ಸಿಕ್ಕಿತು.

ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷ್. ಅರ್ಥವಾಗಲಿಲ್ಲ ಎಂದರೆ ನಗುತ್ತಾರೆಂದು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತೆ. ಅನಾಟಮಿಯಲ್ಲಿ ಫೇಲಾದೆ. ಕಾಯಿನ್ ಬೂತಿನಿಂದ ಊರಿನ ಅಂಗಡಿಗೆ ಫೋನ್ ಮಾಡಿ, ‘ಚೆನ್ನಾಗಿ ಓದ್ತಿದೀನಿ ಅಪ್ಪಾ’ ಎಂದು ಸುಳ್ಳು ಹೇಳಿದೆ. ಒಂದು ದಿನ ಟ್ರಂಕು ಎತ್ತಿಕೊಂಡು ಬಂದೇಬಿಟ್ಟೆ.

ಬಸ್ಸಿಳಿಯುವಾಗ ಮೇಷ್ಟ್ರು ಸಿಕ್ಕರು. ಟ್ರಂಕು ನೋಡಿದ ಕೂಡಲೇ ಅವರಿಗೆ ತಿಳಿಯಿತು. ನನ್ನ ದಪ್ಪ ಪುಸ್ತಕ ತಿರುವಿ ಹಾಕಿ, ‘ಇದು ನನಗೂ ಗೊತ್ತಾಗಲ್ಲ ಕಣಮ್ಮ. ಗೊತ್ತಿರೋರನ್ನ ಕೇಳಿದ್ಯಾ?’ ಎಂದರು.

‘ಇಲ್ಲ ಸರ್.’

‘ಇಲ್ಲಿ ದಿನಕ್ಕೆ ಹತ್ತು ಸಲ ಕೈ ಎತ್ತಿ ನನ್ನ ತಲೆ ತಿಂತಿದ್ದೆ. ಅಲ್ಲಿ ಕೈಗೇನಾಯ್ತು?’

ಮರುದಿನವೇ ಹಿಂದಿರುಗಿದೆ. ಹಾಸ್ಟೆಲಿನ ಹಿರಿಯ ವಿದ್ಯಾರ್ಥಿನಿಯೊಬ್ಬರ ಬಾಗಿಲು ತಟ್ಟಿದೆ. ಅವರೂ ಹಳ್ಳಿಯವರೇ. ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳು ಕೂಡಿ, ಕವಲೊಡೆದು, ಮತ್ತೆ ಕೂಡುವುದನ್ನು ಗದ್ದೆಗೆ ನೀರು ಹಾಯಿಸುವ ಕಾಲುವೆಯಂತೆ ಬರೆದು ತೋರಿಸಿದರು. ಮೊದಲ ಬಾರಿ ಅರ್ಥವಾಯಿತು. ಲೆಕ್ಚರರ್ ಕೋಣೆಗೂ ಹೋದೆ. ಯಾರೂ ನಗಲಿಲ್ಲ. ಮರುಪರೀಕ್ಷೆಯಲ್ಲಿ ಪಾಸಾದೆ.

ಮಕ್ಕಳೇ, ವೈದ್ಯಕೀಯಕ್ಕೆ ಈಗ ಸಿಇಟಿ ಬದಲು ನೀಟ್ ಬಂದಿದೆ. ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳು ಈಗಲೂ ಬೇಕು. ಕೊನೆಯ ದಿನದವರೆಗೆ ಕಾಯಬೇಡಿ. ಮನೆಯವರಿಗೆ ತಿಳಿಯದಿದ್ದರೆ ಅದು ಅವರ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಕೇಳದೆ ಸುಮ್ಮನಿದ್ದರೆ ಮಾತ್ರ ನಷ್ಟ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹಣ ಕೊಡುವವರು ಕೊಡಿ, ಸಂತೋಷ. ಆದರೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಇಂದು ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನರ್ಸಿಂಗ್, ಫಾರ್ಮಸಿ, ಲ್ಯಾಬ್, ಡಾಕ್ಟರಿಕೆ, ನೀವು ಏನೇ ಓದಿರಲಿ, ಹೆಸರು ಮತ್ತು ಫೋನ್ ನಂಬರ್ ಬರೆಯಿರಿ. ನಮ್ಮ ಶಾಲೆಯ ಮಗು ರಾತ್ರಿ ಹಾಸ್ಟೆಲಿನಿಂದ ಅಳುತ್ತಾ ಫೋನ್ ಮಾಡಿದರೆ ಎತ್ತಿಕೊಳ್ಳಿ, ಅಷ್ಟೇ.

ಮೊದಲ ಹೆಸರು ನಾನು ಬರೆದಿದ್ದೇನೆ. ಎರಡನೆಯದು, ನಿವೃತ್ತರಾಗಿ ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೇಷ್ಟ್ರದು.