ಬ್ರೇಕ್ ಬದಲಾಯಿಸಿದ ಮೇಲೆ ಸ್ಟೇರಿಂಗ್ ನಡುಗಿದರೆ
(ಚಾಲಕರ ಕೂಟದಲ್ಲಿ ಆಡಿದ ಮಾತು)



ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿಸಿ ತಿಂಗಳೆರಡು ಕಳೆಯುವಷ್ಟರಲ್ಲಿ ಸ್ಟೇರಿಂಗ್ ನಡುಗತೊಡಗಿದರೆ ಯಜಮಾನರು ಹೇಳುವುದು ಒಂದೇ: "ನಿನಗೆ ಓಡಿಸಲು ಬರುವುದಿಲ್ಲ." ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಇಳಿಯುವವರು ನಾವು. ಕಾರಣವನ್ನೂ ನಾವೇ ತಿಳಿದಿರಬೇಕು.

ನಡುಕ ಬ್ರೇಕ್ ಒತ್ತಿದಾಗ ಮಾತ್ರವೋ, ಒತ್ತದೆಯೂ ಇದೆಯೋ, ಮೊದಲು ನೋಡಿ. ಒತ್ತದೆ, ಬಯಲು ರಸ್ತೆಯ ವೇಗದಲ್ಲಿ ನಡುಗಿದರೆ ಚಕ್ರದ ಬ್ಯಾಲೆನ್ಸ್ ಮಾಡಿಸಿ. ಬಿಚ್ಚುವಾಗ ತೂಕದ ತುಂಡು ಬಿದ್ದಿರಬಹುದು. ಒತ್ತಿದಾಗ ಮಾತ್ರವಾದರೆ ಮುಂದಿನ ಡಿಸ್ಕಿನ ಮೇಲೆ ಸಂಶಯ. ಸ್ಟೇರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನ ಡ್ರಮ್ ಬಿಚ್ಚಿಸಿ.

ಡಿಸ್ಕು ಹೊಸದು, ಅದು ಕೂರುವ ಹಬ್ ಹಳೆಯದು. ನಮ್ಮ ಮಳೆ ಸೀಮೆಯಲ್ಲಿ ಅದಕ್ಕೆ ತುಕ್ಕು ಹಿಡಿಯದೆ ಇದ್ದೀತೇ? ತಂತಿ ಬ್ರಷ್ಷಿನಿಂದ ಅದನ್ನು ಉಜ್ಜದೆ ಕೂರಿಸಿದರೆ ಡಿಸ್ಕು ಓರೆಯಾಗಿ ಸುತ್ತುತ್ತದೆ. ಅನೇಕ ವಾಹನಗಳಲ್ಲಿ 0.05 ಮಿಲಿಮೀಟರ್ ದಾಟಿದರೂ ಹೆಚ್ಚೇ. ಕಣ್ಣಿಗೆ ಕಾಣದು, ಡಯಲ್ ಗೇಜ್ ಬೇಕು. ಓರೆ ಡಿಸ್ಕು ಸುತ್ತುಸುತ್ತಿಗೂ ಪ್ಯಾಡಿಗೆ ಉಜ್ಜಿ ಅಲ್ಲಲ್ಲಿ ತೆಳುವಾಗುತ್ತದೆ. ನಡುಕ ಆಗ ಶುರು. ಅಷ್ಟರಲ್ಲಿ ವರ್ಕ್‌ಶಾಪಿನವರು ಕೈತೊಳೆದುಕೊಂಡಿರುತ್ತಾರೆ! ನಟ್ಟುಗಳನ್ನೂ ಎದುರುಬದುರಾಗಿ, ಸಮನಾಗಿ ಬಿಗಿಸಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ. ಕಾದ ಬ್ರೇಕನ್ನು ಒತ್ತಿಹಿಡಿದು ನಿಲ್ಲಬೇಡಿ, ಪ್ಯಾಡು ಡಿಸ್ಕಿಗೆ ಅಂಟಿ ಕಲೆ ಬೀಳುತ್ತದೆ.

ನಮ್ಮವರೊಬ್ಬರ ವ್ಯಾನಿಗೆ ಎರಡು ಸಲ ಡಿಸ್ಕು ಹಾಕಿ, ಹಣವನ್ನು ಅವರ ಸಂಬಳದಲ್ಲಿ ಮುರಿದುಕೊಂಡರು. ಮೂರನೆಯ ಸಲ ಹಬ್ ಉಜ್ಜಿ ಹಾಕಿದರು, ನಡುಕ ಮತ್ತೆ ಬರಲಿಲ್ಲ. ಮುರಿದ ಹಣ ಕೇಳಲು ಸೋಮವಾರ ನಾವು ಹೋಗುತ್ತಿದ್ದೇವೆ. ಬಿಡುವಿರುವವರು ಜೊತೆಗೆ ಬನ್ನಿ.